ಕಲ್ಲಿನ ಬದಲು ನಿಂತವನು

ಗುಮ್ಮಳಾಪುರ
14-9-1984, ಶುಕ್ರವಾರ

ಮತ್ತಿಗಿರಿಯ ಮನೆಯಲ್ಲಿರುವ ಯಜಮಾನರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರಗಳು.

ಅಭ್ಯಾಸಬಲದಿಂದ ‘ಉಭಯ ಕುಶಲೋಪರಿ’ ಎಂದು ಬರೆಯಹೊರಟು ಕೈ ತಡೆದೆ. ಇಲ್ಲಿಯ ಕುಶಲ ಎಂಥದ್ದೆಂದು ನಿಮಗೆ ಗೊತ್ತು. ಅಲ್ಲಿಯದು ನನಗೆ ಬೇಡ ಅಂದುಕೊಂಡರೂ ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುತ್ತದೆ, ಹಾಳು ಮನಸ್ಸು.

ನಿಮ್ಮ ಕಾರ್ಡು ಮಂಗಳವಾರ ಬಂತು. ಹಬ್ಬ ಮುಗಿದು ಇಷ್ಟು ದಿನವಾದರೂ ಯಾಕೆ ಬಂದಿಲ್ಲ, ಬೀದಿಯವರೆಲ್ಲ ಕೇಳುತ್ತಾರೆ, ಅನ್ನ ಸಾರು ಮಾಡಿಕೊಳ್ಳುವುದು ಕಷ್ಟವಾಗಿದೆ, ತಕ್ಷಣ ಹೊರಟು ಬಾ ಎಂದು ಬರೆದಿದ್ದೀರಿ. ಅಂಚೆಯವನು ಅದನ್ನು ಓದಿಕೊಂಡೇ ತಂದುಕೊಟ್ಟ. ಯಜಮಾನರು ಹಸಿದುಕೊಂಡಿದ್ದಾರಲ್ಲಮ್ಮ ಎಂದು ನನಗೇ ಬುದ್ಧಿ ಹೇಳಿ ಹೋದ. ಆ ಕಾರ್ಡಿನಲ್ಲಿ ಬೀದಿಯವರಿಗೆ ಜಾಗವಿತ್ತು, ಸಾರಿಗೆ ಜಾಗವಿತ್ತು. ಅಣ್ಣನ ಕಾಲಿನ ಗಾಯ ಒಣಗಿತೇ ಎಂದು ಕೇಳಲು ಮಾತ್ರ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ನೀವು ಕೇಳದಿದ್ದರೂ ಹೇಳುತ್ತೇನೆ. ಗಾಯ ಒಣಗಿದೆ. ಮೊಣಕಾಲಿನ ಕೆಳಗೆ ಏನೂ ಇಲ್ಲದಿದ್ದರೂ ಪಾದ ಕೆರೆಯುತ್ತದಂತೆ, ಕೈ ಚಾಚಿ ಬರೀ ಗಾಳಿಯನ್ನು ಕೆರೆದುಕೊಳ್ಳಲು ಹೋಗಿ ನಾಚಿಕೊಂಡು ಕೈ ಹಿಂದಕ್ಕೆ ತೆಗೆಯುತ್ತಾನೆ. ಬೆಳಿಗ್ಗೆ ಎರಡು ಕೋಲು ಊರಿಕೊಂಡು ಬಾವಿಯ ಹತ್ತಿರ ಹೋಗಿ ಕೂರುತ್ತಾನೆ. ಅತ್ತಿಗೆ ಚಿನ್ನಮ್ಮ ಅವನ ಎದುರಿಗೆ ಅಳುವುದಿಲ್ಲ, ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಮುದ್ದೆ ತಿರುವುತ್ತಾಳೆ.

ನಾನು ಬರುವುದಿಲ್ಲ. ಈ ಕಾಗದ ಯಾಕೆ ಎಂದರೆ, ಅದನ್ನು ಹೇಳದೆ ಬಂದೆ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ಹೊತ್ತು ಮತ್ತಿಗಿರಿಗೆ ಬರುತ್ತಿದ್ದ, ಈ ಸಲ ಬರಲಾರ, ನಾನೇ ಹೋಗಿ ತಗೊಂಡು ಎರಡು ದಿನದಲ್ಲಿ ಬಂದುಬಿಡುತ್ತೇನೆ ಎಂದೆ. ನೀವು ಬಸ್ ನಿಲ್ದಾಣದ ತನಕ ಬಂದು ಚೀಲ ಎತ್ತಿಕೊಟ್ಟಿರಿ. ಕಿಟಕಿಯ ಪಕ್ಕ ಕೂರಬೇಡ, ಧೂಳು ಬರುತ್ತದೆ ಎಂದಿರಿ. ಆಗಲೇ ನನಗೆ ಅರ್ಧ ಸಂಗತಿ ಗೊತ್ತಿತ್ತು. ಆದರೂ ತಲೆಯಾಡಿಸಿದೆ. ಹಾಗೆ ಹೇಳದೆ ಬರುವುದು ನಮ್ಮ ಮನೆಯ ಪದ್ಧತಿಯಲ್ಲ. ಯಾವ ಪದ್ಧತಿ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನೀವು ಮರೆತಿರುವುದಕ್ಕೆ ಸಾಕ್ಷಿ ಸಾಕಷ್ಟಿದೆ.

ನಿಮ್ಮ ತಾಯಿ ನನ್ನ ಸೋದರತ್ತೆ. ಬೇಸಿಗೆ ರಜೆ ಬಂತೆಂದರೆ ಅವರು ನಿಮ್ಮನ್ನು ಕರೆದುಕೊಂಡು ತವರಿಗೆ ಬರುತ್ತಿದ್ದರು. ಆಗ ನಮ್ಮ ಬಾವಿಗೆ ಕರೆಂಟಿನ ಪಂಪು ಇರಲಿಲ್ಲ, ಏತವಿತ್ತು. ನೆಟ್ಟ ಕಂಬದ ಕವಲಿನಲ್ಲಿ ಉದ್ದನೆಯ ಮರ, ಮರದ ಮುಂದಿನ ತುದಿಗೆ ಬಿದಿರು ಗಳ, ಗಳದ ಕೊನೆಗೆ ಬಾನಿ. ಹಿಂದಿನ ತುದಿಗೆ ಸೊಂಟದೆತ್ತರದ ಕಲ್ಲು ಕಟ್ಟಿತ್ತು. ತುಂಬಿದ ಬಾನಿಯ ಭಾರಕ್ಕೆ ಆ ಕಲ್ಲೊಂದೇ ಸಾಲದು, ಅದಕ್ಕೇ ಮರದ ಮೇಲೆ ಅಣ್ಣ ನಡೆಯುತ್ತಿದ್ದ. ಬಾವಿಯ ಕಡೆಗೆ ಹೆಜ್ಜೆ ಹಾಕಿದರೆ ಬಾನಿ ಮುಳುಗುತ್ತಿತ್ತು, ಕಲ್ಲಿನ ಕಡೆಗೆ ಹೆಜ್ಜೆ ಹಾಕಿದರೆ ತುಂಬಿಕೊಂಡು ಮೇಲೆ ಬರುತ್ತಿತ್ತು. ಬಾವಿಯ ಕಟ್ಟೆಯ ಮೇಲೆ ನಿಂತು ಗಳ ಹಿಡಿದು ಬಾನಿ ಬಗ್ಗಿಸುವ ಕೆಲಸ ನಿಮ್ಮದು. ಪೇಟೆಯ ಹುಡುಗ, ಮರ ತುಳಿಯಲು ಬಾರದು ಎಂದು ಆ ಸುಲಭದ ಕೆಲಸ ಕೊಟ್ಟಿದ್ದರು. ನಾನು ಬದನೆ ಮಡಿಗಳಿಗೆ ನೀರು ತಿರುಗಿಸುತ್ತ ನಿಮ್ಮಿಬ್ಬರನ್ನೂ ನೋಡುತ್ತಿದ್ದೆ. ಹೆಚ್ಚಾಗಿ ಯಾರನ್ನು ನೋಡುತ್ತಿದ್ದೆ ಎನ್ನುವುದನ್ನು ಈಗ ಹೇಳಿಕೊಳ್ಳಲು ಮನಸ್ಸಿಲ್ಲ.

ಸುಲಭದ ಕೆಲಸ ಎಂದೆ, ಆದರೆ ಅಪ್ಪ ಹೇಳುತ್ತಿದ್ದದ್ದು ಬೇರೆ. ಮರದ ಮೇಲಿರುವವನ ಜೀವ ಕೆಳಗಿರುವವನ ಕೈಯಲ್ಲಿರುತ್ತದೆ. ಮುಂದೆ ಭಾರ ಇರುವ ತನಕ ಹಿಂದಿನ ಭಾರ ಕಾಯುತ್ತದೆ, ಮುಂದಿನದು ತಟ್ಟನೆ ಹೋದರೆ ಮರ ಎಗರಿ ಮೇಲಿದ್ದವನನ್ನು ಎಸೆಯುತ್ತದೆ. ಅದಕ್ಕೇ ನೀರು ಚೆಲ್ಲುವ ಮುಂಚೆ, ಗಳದಿಂದ ಕೈ ತೆಗೆಯುವ ಮುಂಚೆ, ಕೆಳಗಿನವನು ಕೂಗಬೇಕು. ಮೇಲಿನವನು ಕಾಲು ಊರಿ ನಿಂತು ‘ಹೂಂ’ ಎನ್ನಬೇಕು. ಆಮೇಲೆ ಬಿಡುವುದು. ಕೈ ಉರಿಯಲಿ, ಚೇಳು ಕಚ್ಚಲಿ, ಕೂಗದೆ ಬಿಡುವ ಹಾಗಿಲ್ಲ. ಒಂದು ಸಲ ನಿಮ್ಮ ಮೊಣಕೈ ಮೇಲೆ ಕಣಜ ಕೂತು ಕುಟುಕಿದಾಗಲೂ ನೀವು ಕಣ್ಣಲ್ಲಿ ನೀರು ಹಾಕಿಕೊಂಡು, ಕೂಗಿ, ಅಣ್ಣ ‘ಹೂಂ’ ಅಂದ ಮೇಲೆಯೇ ಕೈ ತೆಗೆದಿರಿ. ಅಪ್ಪ ಸಂಜೆ ಜಗಲಿಯ ಮೇಲೆ ಕೂತು, ಈ ಹುಡುಗನಿಗೆ ಹೆಣ್ಣು ಕೊಡಬಹುದು ಎಂದ. ಒಳಗೆ ನಿಂತು ಕೇಳಿಸಿಕೊಂಡವಳು ನಾನು. ಪೆದ್ದಿ, ಖುಷಿಯಾಗಿತ್ತು.

ಹೋದ ವರ್ಷದ ಆಯುಧಪೂಜೆ ನೆನಪಿದೆಯೇ? ಫ್ಯಾಕ್ಟರಿಯವರು ಹೆಂಡತಿ ಮಕ್ಕಳನ್ನೂ ಒಳಗೆ ಬಿಟ್ಟಿದ್ದರು. ಸ್ಟೋರ್ಸಿನ ಸೂಪರ್‌ವೈಸರ್ ಎಂದು ನಿಮ್ಮ ನಡಿಗೆಯೇ ಬೇರೆಯಾಗಿತ್ತು ಆವತ್ತು. ನನ್ನನ್ನು ಆ ಫೋರ್ಕ್‌ಲಿಫ್ಟ್ ಗಾಡಿಯ ಹತ್ತಿರ ಕರೆದುಕೊಂಡು ಹೋದಿರಿ. ಅದಕ್ಕೂ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಎರಡು ಕಬ್ಬಿಣದ ನಾಲಗೆ, ಹಿಂದೆ ಬಂಡೆಯಂಥ ಕಬ್ಬಿಣದ ಗುಂಡು. ಇಷ್ಟು ದಪ್ಪ ಹಿಂಭಾಗ ಯಾಕೆ, ನಮ್ಮ ಊರಿನ ಪಟೇಲರ ಹಾಗೆ, ಎಂದು ನಾನು ನಕ್ಕೆ. ನೀವು ಬಹಳ ತಾಳ್ಮೆಯಿಂದ ತಿಳಿಸಿ ಹೇಳಿದಿರಿ: ಅದಕ್ಕೆ ಕೌಂಟರ್‌ವೆಯ್ಟ್ ಅನ್ನುತ್ತಾರೆ, ಅದಿಲ್ಲದಿದ್ದರೆ ಸಾಮಾನು ಎತ್ತಿದ ಕೂಡಲೇ ಗಾಡಿ ಮೂಗು ಮುಗ್ಗರಿಸಿ ಬೀಳುತ್ತದೆ. ಮುಂದಿನ ಗಾಲಿಯೇ ಅದರ ನಡುವಿನ ಆಧಾರ. ಸಾಮಾನು ಗಾಲಿಗೆ ಹತ್ತಿರವಿದ್ದಷ್ಟೂ ಹಗುರ, ದೂರ ಹೋದಷ್ಟೂ ಭಾರ. ಎಷ್ಟು ಎತ್ತಬಹುದೋ ಅದಕ್ಕೆ ತಕ್ಕ ಹಾಗೆ ಗುಂಡನ್ನು ಎರಕ ಹೊಯ್ದು ಬೋಲ್ಟು ಹಾಕಿ ಬಿಗಿದಿರುತ್ತಾರೆ.

ಹಾಗಾದರೆ ಇದು ನಮ್ಮ ಏತವೇ ಎಂದೆ. ನೀವು ನಕ್ಕು ಹೌದೆಂದಿರಿ. ಗುಂಡಿನ ಪಕ್ಕ ತಮಿಳಿನಲ್ಲಿ ಏನೋ ಹಳದಿ ಅಕ್ಷರ ಬರೆದಿತ್ತು. ಕನ್ನಡ ಶಾಲೆಯಲ್ಲಿ ಓದಿದ ನನಗೆ ತಿಳಿಯಲಿಲ್ಲ. ನೀವೇ ಓದಿ ಹೇಳಿದಿರಿ: ಇದರ ಮೇಲೆ ಯಾರೂ ನಿಲ್ಲಬಾರದು. ಯಾಕೆ ಎಂದು ಕೇಳಿದ್ದಕ್ಕೆ, ಜಾಸ್ತಿ ಭಾರ ಎತ್ತಬೇಕಾದಾಗ ಕೆಲವರು ಆಳುಗಳನ್ನು ಹಿಂದೆ ಹತ್ತಿಸುತ್ತಾರೆ, ಕಬ್ಬಿಣದ ಗುಂಡಿಗೆ ಪ್ರಾಣವಿಲ್ಲ, ಮನುಷ್ಯನಿಗೆ ಇದೆ, ಬುದ್ಧಿ ಇರುವ ಯಾವ ಸೂಪರ್‌ವೈಸರೂ ಹಾಗೆ ಮಾಡಿಸುವುದಿಲ್ಲ ಎಂದಿರಿ. ನಿಮ್ಮ ಬಾಯಿಂದ ಬಂದ ಮಾತು ಅದು. ಹಾರದ ಚೆಂಡುಹೂವು ಒಂದನ್ನು ಕಿತ್ತು ನನ್ನ ಕೈಗೆ ಕೊಟ್ಟು ಹೇಳಿದಿರಿ.

ಆವತ್ತು ಪುರಿ, ಸಿಹಿ ಬೂಂದಿಯ ಪೊಟ್ಟಣ ಹಿಡಿದು ನಡೆದುಕೊಂಡೇ ಮನೆಗೆ ಬಂದೆವು. ದಾರಿಯಲ್ಲಿ ನಾನು ನಿಮಗೆ ಅಣ್ಣನ ಒಂದು ಸಂಗತಿ ಹೇಳಿದೆ. ನಮ್ಮ ಮದುವೆ ಗೊತ್ತಾದ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ. ಬದನೆ ಹೂ ಬಿಟ್ಟು ನಿಂತಿತ್ತು, ಒಂದು ನೀರು ತಪ್ಪಿದರೂ ಉದುರುವ ಹೊತ್ತು. ನಡು ಮಧ್ಯಾಹ್ನ ಏತದ ಕಲ್ಲಿನ ಹಗ್ಗ ಹರಿದು ಕಲ್ಲು ಕೆಳಗೆ ಬಿತ್ತು. ಅದನ್ನು ಎತ್ತಿ ಕಟ್ಟಲು ನಾಲ್ಕು ಆಳು ಬೇಕು, ಊರಲ್ಲಿ ಅಷ್ಟು ಜನ ಇರಲಿಲ್ಲ. ಅಣ್ಣ ಯಾರೂ ಹೇಳದೆಯೇ ಹೋಗಿ ಮರದ ಹಿಂದಿನ ತುದಿಯಲ್ಲಿ ತಾನೇ ಕಲ್ಲಾಗಿ ನಿಂತ. ಆಳಿನ ಮಗನನ್ನು ಮರ ತುಳಿಯಲು ಹತ್ತಿಸಿ, ಅಮ್ಮನ ಕೈಗೆ ಗಳ ಕೊಟ್ಟು, ಬಿಸಿಲಿಳಿಯುವ ತನಕ ಅಲ್ಲೇ ನಿಂತ. ಅಂಗಾಲು ಸುಲಿದು ಮರಕ್ಕೆ ರಕ್ತ ಅಂಟಿತ್ತು. ಆ ಬದನೆಯಿಂದ ನನ್ನ ಧಾರೆ ಸೀರೆ ಬಂತು. ಇದನ್ನು ನಾನು ಹೊರಗಿನವರ ಮುಂದೆ ಯಾವತ್ತೂ ಆಡಿದ್ದಿಲ್ಲ. ನಿಮಗೆ ಹೇಳಿದೆ. ಕೇಳಿ ನೀವು, ಭಾವ ಮನುಷ್ಯನಲ್ಲ, ದೇವರು ಎಂದಿರಿ.

ಪಂಪು ಬಂದು ಏತಕ್ಕೆ ಕೆಲಸವಿಲ್ಲದೆ ಹೋಗಿ, ಇರುವ ನೆಲದಲ್ಲಿ ಸಂಸಾರ ಸಾಗುವುದು ಕಷ್ಟವಾದಾಗ ನೀವೇ ಅಣ್ಣನನ್ನು ಫ್ಯಾಕ್ಟರಿಯ ಲೋಡಿಂಗ್ ಕೆಲಸಕ್ಕೆ ಸೇರಿಸಿದಿರಿ. ಅದನ್ನು ನಾನು ಮರೆತಿಲ್ಲ. ಉಂಡ ಮನೆಯ ಗಳ ಎಣಿಸುವ ಜಾತಿ ನಮ್ಮದಲ್ಲ. ಅಣ್ಣ ನಿಮ್ಮನ್ನು ಬೇರೆ ಆಳುಗಳ ಎದುರಿಗೆ ‘ಸಾರ್’ ಎಂದು ಕರೆದು, ಮನೆಗೆ ಬಂದು ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಆಷಾಢದ ಆ ದಿನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ನೀವು ಹೇಳಿ ಗೊತ್ತಾದದ್ದು. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡದೆ ಅಡಿಗೆಮನೆಗೆ ಬಂದು ನನ್ನ ಮುಂದೆ ಕುಸಿದಿರಿ. ಬೊಂಬಾಯಿಯಿಂದ ಬಂದ ಮೆಷಿನ್ನಿನ ಪೆಟ್ಟಿಗೆ, ಸಾನಮಾವಿನ ಕಾಡಿನಿಂದ ಇಳಿದ ಆನೆಯ ಹಾಗಿತ್ತು ಎಂದಿರಿ. ಬೆಂಗಳೂರಿನಿಂದ ಬರಬೇಕಾದ ಕ್ರೇನು ಮಾರನೆಯ ದಿನ ಬರುವುದಿತ್ತು. ಲಾರಿಯವನು ಕಾಯುವುದಿಲ್ಲ ಎಂದು ಕೂತ, ಮ್ಯಾನೇಜರು ಏನು ಮಾಡುತ್ತೀಯೋ ಮಾಡು ಎಂದರು. ನೀವು ಫೋರ್ಕ್‌ಲಿಫ್ಟ್ ತರಿಸಿದಿರಿ. ಪೆಟ್ಟಿಗೆ ಎತ್ತಲು ಹೋದರೆ ಹಿಂದಿನ ಗಾಲಿಯೇ ಎದ್ದುಬಂತು. ಆಗ ನೀವು ಆಳುಗಳನ್ನು ಗುಂಡಿನ ಮೇಲೆ ಹತ್ತಿ ಎಂದಿರಿ. ಯಾರೂ ಮುಂದೆ ಬರಲಿಲ್ಲ. ಅಣ್ಣನೂ ಹತ್ತಲಿಲ್ಲ. ಎಲ್ಲರೆದುರಿಗೆ ಮೊದಲ ಸಲ ಅವನನ್ನು ಭಾವ ಎಂದು ಕರೆದಿರಂತೆ.

“ಹತ್ತು ಭಾವ, ಮುಂದ್ಗಡೆ ನಾನ್ ಹಿಡ್ಕೊಂಡಿರ್ತೀನಲ್ಲ.”

ಅವನು ಹತ್ತಿದ. ಅವನು ಹತ್ತಿದ್ದು ನೋಡಿ ಇನ್ನೂ ಮೂವರು ಹತ್ತಿದರು. ಗಾಡಿ ಸಮ ನಿಂತಿತು. ಪೆಟ್ಟಿಗೆ ಲಾರಿಯಿಂದ ಹೊರಗೆ ಬಂತು. ನೀವು ಮುಂದೆ ನಿಂತು ಕೈಯಿಂದ ಅದನ್ನು ಆನಿಸಿಕೊಂಡಿದ್ದಿರಿ. ಅದು ಒಂದು ಕಡೆಗೆ ಜಾರತೊಡಗಿತು, ಗಾಡಿಯ ಹಿಂಭಾಗ ಮತ್ತೆ ಎದ್ದಿತು. ನೀವು ಪಕ್ಕಕ್ಕೆ ಹಾರಿದಿರಿ. ಪೆಟ್ಟಿಗೆ ನೆಲಕ್ಕೆ ಬಿತ್ತು, ಎದ್ದಿದ್ದ ಹಿಂಭಾಗ ಧಡ್ ಎಂದು ಕುಸಿಯಿತು. ಮೂವರು ಆಚೆ ಬಿದ್ದರು, ಅಣ್ಣ ಕೆಳಗೆ ಜಾರಿದ. ಕಾಲು ಗಾಲಿಯಡಿಗೆ ಹೋಯಿತು. ನೀವು ನನ್ನ ಮಡಿಲಲ್ಲಿ ಮುಖವಿಟ್ಟು, ನಾನೇ ಹತ್ತು ಎಂದೆ, ಹಾರುವಾಗ ಕೂಗಲಿಲ್ಲ, ಬಾಯಿ ಬರಲಿಲ್ಲ ಎಂದು ಹೊರಳಾಡಿ ಅತ್ತಿರಿ.

ನಾನು ಏನು ಹೇಳಿದೆ, ನೆನಪು ಮಾಡಿಕೊಳ್ಳಿ. ಒಂದು ಕೆಟ್ಟ ಮಾತು ಆಡಿದೆನೇ? ಜೀವಭಯಕ್ಕೆ ಯಾರಾದರೂ ಹಾರುತ್ತಾರೆ ಎಂದೆ. ನಡೆದದ್ದನ್ನು ನಡೆದ ಹಾಗೆ ಹೇಳಿ, ಅಣ್ಣ ಕ್ಷಮಿಸುತ್ತಾನೆ, ದೇವರೂ ಕ್ಷಮಿಸುತ್ತಾನೆ ಎಂದೆ. ಅಣ್ಣ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡು ಮಲಗಿದ್ದರೂ, ನಿಮಗೆ ಬಿಸಿನೀರು ಕಾಯಿಸಿ ತಲೆ ತೊಳೆದೆ. ಇವತ್ತಿಗೂ ನೀವು ಹಾರಿದ್ದಕ್ಕೆ ನನಗೆ ಕೋಪವಿಲ್ಲ. ಇದನ್ನು ಸರಿಯಾಗಿ ಓದಿಕೊಳ್ಳಿ. ಆಮೇಲೆ ಬೀದಿಯವರ ಹತ್ತಿರ, ಜೀವ ಉಳಿಸಿಕೊಳ್ಳಲು ಹಾರಿದ್ದಕ್ಕೆ ಹೆಂಡತಿ ಬಿಟ್ಟು ಹೋದಳು ಎಂದು ಹೇಳಬೇಡಿ.

ಗೌರಿ ಹಬ್ಬದ ಹಿಂದಿನ ವಾರ ನಲ್ಲಿಯ ಹತ್ತಿರ ಗೋವಿಂದಮ್ಮ ಸಿಕ್ಕಳು. ಆ ಗಾಡಿ ಓಡಿಸುತ್ತಿದ್ದ ಕೊಂಡಪ್ಪನ ಹೆಂಡತಿ, ನಮ್ಮ ಹಿಂದಿನ ಮನೆಯವಳು. ನನ್ನ ಬಿಂದಿಗೆಗೆ ತಾನೇ ನೀರು ಹಿಡಿದು ಕೊಟ್ಟಳು. ಯಾವತ್ತೂ ಹಾಗೆ ಮಾಡುವವಳಲ್ಲ, ಜಗಳಗಂಟಿ. ಏನೋ ಇದೆ ಎಂದು ಆಗಲೇ ಗೊತ್ತಾಯಿತು. ಅಪಘಾತದ ಬಗ್ಗೆ ಸರ್ಕಾರದ ಅಧಿಕಾರಿ ಬಂದು ನಡೆಸಿದ ವಿಚಾರಣೆಯಲ್ಲಿ ನೀವು ಹೇಳಿದ್ದನ್ನು ಕೊಂಡಪ್ಪ ಪಕ್ಕದಲ್ಲೇ ನಿಂತು ಕೇಳಿದ್ದ. ನೀವು ಯಾರನ್ನೂ ಹತ್ತು ಎನ್ನಲಿಲ್ಲವಂತೆ. ನನ್ನ ಅಣ್ಣ ಲಕ್ಷ್ಮಣಪ್ಪ ತಾನೇ ಹತ್ತಿದನಂತೆ. ಅವರು ಏತ ತುಳಿದ ಜನ, ಯಾವುದರ ಹಿಂಭಾಗ ಎದ್ದರೂ ಹೋಗಿ ನಿಲ್ಲುವುದು ಅವರ ಚಾಳಿ ಎಂದಿರಂತೆ. ಅಧಿಕಾರಿ ನಂಬದೆ ನೋಡಿದಾಗ, ಒಂದು ಸಲ ಕಲ್ಲು ಬಿದ್ದುಹೋದರೆ ಇದೇ ಮನುಷ್ಯ ಯಾರೂ ಹೇಳದೆ ಕೇಳದೆ ಹೋಗಿ ಕಲ್ಲಿನ ಬದಲು ಮಧ್ಯಾಹ್ನವೆಲ್ಲ ನಿಂತಿದ್ದ, ಬೇಕಾದರೆ ಅವನ ತಂಗಿಯನ್ನೇ ಕೇಳಿ ಎಂದಿರಂತೆ.

ಅವನ ತಂಗಿ ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದಳು.

ಎಷ್ಟೋ ಗಂಡಂದಿರು ಸುಳ್ಳು ಹೇಳುತ್ತಾರೆ. ನೀವು ಸುಳ್ಳನ್ನು ಬೇರೆಲ್ಲಿಂದಲಾದರೂ ತಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ. ನಾನು ನಿಮ್ಮ ಪಕ್ಕದಲ್ಲಿ ನಡೆಯುತ್ತ, ಬೂಂದಿ ತಿನ್ನುತ್ತ, ನನ್ನ ಮನೆಯ ದೇವರ ಹಾಗೆ ತೆಗೆದು ತೋರಿಸಿದ್ದನ್ನು ಎತ್ತಿಕೊಂಡು ಹೋಗಿ ಅಣ್ಣನ ಕುತ್ತಿಗೆಗೆ ಕಟ್ಟಿದಿರಿ. ಆ ಸಂಗತಿ ನಿಮಗೆ ಗೊತ್ತಾದದ್ದೇ ನನ್ನಿಂದ. ಎಂದರೆ ಆ ಕೋಣೆಯಲ್ಲಿ ನಾನಿಲ್ಲದಿದ್ದರೂ ನನ್ನ ಬಾಯಿಂದಲೇ ಅಣ್ಣನ ಮೇಲೆ ಸಾಕ್ಷಿ ಹೇಳಿಸಿದಿರಿ. ಈಗ ನೋಡಿ, ಮಾತು ಊರಿಗೂ ಬಂದಿದೆ. ಅಂಗಡಿ ಮುಂದೆ ಕೂತವರು, ಏನ್ಲಾ ಲಕ್ಷ್ಮಣಪ್ಪ, ಫ್ಯಾಕ್ಟರಿನಲ್ಲೂ ಏತ ತುಳಿಯಾಕೋಗಿದ್ಯಂತೆ ಎಂದು ನಗುತ್ತಾರೆ. ಅವನೂ ಜೊತೆಗೆ ನಗುತ್ತಾನೆ. ಆ ನಗು ನೋಡಲಾಗದೆ ನಾನು ಮೊಗ ತಿರುಗಿಸುತ್ತೇನೆ.

ಇದು ಅರ್ಧ. ಹಬ್ಬಕ್ಕೆ ಬರುವಾಗ ಇಷ್ಟು ಮಾತ್ರ ಗೊತ್ತಿತ್ತು. ಎರಡು ದಿನ ಇದ್ದು, ಅಣ್ಣನಿಗೆ ಧೈರ್ಯ ಹೇಳಿ, ನಿಜ ಹೇಳಿಸಿ, ಆಮೇಲೆ ಮತ್ತಿಗಿರಿಗೆ ಬಂದು ನಿಮ್ಮ ಜೊತೆ ಮನಸಾರೆ ಜಗಳವಾಡಬೇಕು ಎಂದು ಬಂದವಳು ನಾನು. ಜಗಳ ಆಡುವುದಕ್ಕಾದರೂ ಬರುತ್ತಿದ್ದೆ. ಉಳಿದರ್ಧ ಇಲ್ಲಿ ಬಾವಿಯ ಹತ್ತಿರ ಸಿಕ್ಕಿತು.

ಏತದ ಆ ಕಲ್ಲು ಈಗಲೂ ಇದೆ, ಪಂಪ್ ಮನೆಯ ಪಕ್ಕ ಮಲಗಿದೆ. ಅತ್ತಿಗೆ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ಅಣ್ಣ ಅದರ ಮೇಲೆ ಕೂತಿದ್ದ. ಬಾಗಿನದ ಮೊರ ನನ್ನ ಕೈಗೆ ಕೊಟ್ಟು ಮುತ್ತೈದೆಯಾಗಿ ಬಾಳು ಎಂದ. ನಾನು ತಡೆಯಲಾರದೆ ಕೇಳಿದೆ: ಅವರು ಹೇಳಿದ್ದು ಸುಳ್ಳೆಂದು ನೀನು ಯಾಕೆ ಹೇಳಲಿಲ್ಲ? ಅವನು ಮೊದಲು ಕಾಲು ನೋವು ಎಂದ, ಬಿಸಿಲು ಎಂದ, ಅತ್ತಿಗೆಯನ್ನು ಕರೆದ. ನಾನು ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತ ಹೇಳಿದ. ನೀವು ಆಸ್ಪತ್ರೆಗೆ ಎಳನೀರು, ಬನ್ನು ಹಿಡಿದುಕೊಂಡು ದಿನ ಬಿಟ್ಟು ದಿನ ಹೋಗುತ್ತಿದ್ದಿರಲ್ಲ, ಪಾಪಪ್ರಜ್ಞೆಯಿಂದ ಹೋಗುತ್ತಿದ್ದೀರಿ ಎಂದು ನಾನು ಮರುಗಿ, ಬುತ್ತಿ ಕಟ್ಟಿ ಕೊಡುತ್ತಿದ್ದೆನಲ್ಲ, ಆಗ ಅವನ ಹಾಸಿಗೆಯ ಪಕ್ಕ ಕೂತು ನೀವು ಏನು ಹೇಳುತ್ತಿದ್ದಿರಿ ಎಂದು ಹೇಳಿದ. ನಿಮ್ಮ ಮಾತು ಇದು: ಹತ್ತು ಎಂದು ನಾನು ಹೇಳಿದೆ ಎಂದಾದರೆ ನನ್ನ ಕೆಲಸ ಹೋಗುತ್ತದೆ, ಪೊಲೀಸು ಕೇಸಾಗುತ್ತದೆ, ನಿನ್ನ ತಂಗಿ ಬೀದಿಗೆ ಬೀಳುತ್ತಾಳೆ. ನೀನೇ ಹತ್ತಿದೆ ಎಂದರೆ ನಿನಗೆ ಹೋಗಿದ್ದು ಕಾಲೊಂದೇ.

“ನಂಗೆ ಕಾಲೋಯ್ತು, ಅದೇನ್ ತಿರ್ಗಾ ಬರ್ತದಾ? ನಿಂಗೆ ಮನೆ ಹೋಗ್ಬಾರ್ದು ಅಂತ ಹೂಂ ಅಂದ್ಬುಟ್ಟೆ ಕಣಮ್ಮಿ.”

ಆಗ ನನಗೆ ನಿಮ್ಮ ಆಯುಧಪೂಜೆಯ ಪಾಠ ಪೂರ್ತಿಯಾಗಿ ಅರ್ಥವಾಯಿತು. ನಿಮ್ಮ ಕೆಲಸ, ನಿಮ್ಮ ಮರ್ಯಾದೆ ಮುಂದೆ ಮುಗ್ಗರಿಸದ ಹಾಗೆ ಹಿಂದೆ ಏನಾದರೂ ಭಾರ ಇಡಬೇಕಿತ್ತು. ಫ್ಯಾಕ್ಟರಿಯಲ್ಲಿ ಅಣ್ಣನನ್ನು ಇಟ್ಟಿರಿ. ಆಸ್ಪತ್ರೆಯಲ್ಲಿ ನನ್ನನ್ನು ಇಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದು ನನ್ನ ಕೈಯಡಿಗೆ ಉಂಡು, ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಮಲಗಿದಿರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದಿರಿ, ಸರಿ. ಆದರೆ ಕೋಲು ಯಾರ ಮನೆಯದು?

ಈಗ ಮುಂದಿನ ಮಾತು. ಸೋಮವಾರ ಕೃಷ್ಣಗಿರಿಯಲ್ಲಿ ಅಣ್ಣನ ಬಾಯಿಂದಲೇ ಕೇಳಬೇಕೆಂದು ಅಧಿಕಾರಿ ಕರೆಸಿದ್ದಾರೆ. ನಿಮ್ಮನ್ನೂ ಕರೆದಿದ್ದಾರೆ ಎಂದು ಗೊತ್ತು. ಅವನು ನಿಜ ಹೇಳಿದರೆ ನಿಮ್ಮ ಕೆಲಸ ಹೋಗಬಹುದು. ಹೇಳದಿದ್ದರೆ ಅವನು ಸಾಯುವ ತನಕ, ಯಾರೂ ಹೇಳದೆ ಹತ್ತಿ ಕಾಲು ಕಳೆದುಕೊಂಡ ದಡ್ಡನಾಗಿ ಉಳಿಯುತ್ತಾನೆ. ಫ್ಯಾಕ್ಟರಿಯೂ ಅವನನ್ನು ಹಾಗೆಯೇ ತಿಳಿದು ಕೈ ತೊಳೆದುಕೊಳ್ಳುತ್ತದೆ. ಅವನ ಮಗಳು ನಾಳೆ ಶಾಲೆಯಲ್ಲಿ ಅದನ್ನೇ ಕೇಳುತ್ತಾಳೆ.

ಅವನು ನನಗಾಗಿ ಆ ಸುಳ್ಳನ್ನೇ ಹೇಳುತ್ತೇನೆಂದು ಹಟ ಹಿಡಿದಿದ್ದ. ಅದಕ್ಕೇ ನಾನು ಬುಧವಾರ ಅವನ ಎದುರು ಕೂತು ಒಂದು ಮಾತು ಹೇಳಿದೆ: ನೀನು ಸುಳ್ಳು ಹೇಳು, ನಿಜ ಹೇಳು, ನಾನಂತೂ ಮತ್ತಿಗಿರಿಯ ಮನೆಗೆ ಹೋಗುವುದಿಲ್ಲ. ಯಾವ ಮನೆ ಉಳಿಸಲು ನೀನು ಹೂಂ ಎಂದೆಯೋ ಆ ಮನೆಯಿಂದ ನಾನು ಆಗಲೇ ಇಳಿದು ಬಂದಿದ್ದೇನೆ. ಅವನು ಬೈದ, ಗಂಡನ ಮನೆ ಬಿಟ್ಟವಳನ್ನು ಊರು ಸುಮ್ಮನೆ ಬಿಡುತ್ತದೆಯೇ ಎಂದ, ಅಪ್ಪ ಇದ್ದಿದ್ದರೆ ಎಂದ. ನಾನು ಮುದ್ದೆ ಮುರಿದು ತಿನ್ನುತ್ತ ಕೂತೆ. ರಾತ್ರಿ ಊಟ ಮಾಡಲಿಲ್ಲ ಅವನು. ನಿನ್ನೆ ಬೆಳಿಗ್ಗೆ ಬಾವಿಯ ಹತ್ತಿರದಿಂದ ಬಂದು, ಸೋಮವಾರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಅಷ್ಟೇ ಕೇಳಿದ. ನನಗೆ ಸಾಕಾಯಿತು.

ನಾನೂ ಹೋಗುತ್ತೇನೆ. ತಂಗಿಯನ್ನು ಕೇಳಿ ಎಂದಿದ್ದೀರಲ್ಲ, ಕೇಳಲಿ. ಕಲ್ಲಿನ ಬದಲು ನಿಂತದ್ದು ನಿಜ ಎಂದು ಹೇಳುತ್ತೇನೆ. ಆವತ್ತು ಯಾರೂ ಹೇಳದೆ ನಿಂತ, ಈ ಸಲ ನೀವು ಹತ್ತು ಎಂದಿದ್ದಕ್ಕೆ ಹತ್ತಿದ ಎಂದೂ ಹೇಳುತ್ತೇನೆ. ಹಳದಿ ಅಕ್ಷರಗಳನ್ನು ನೀವೇ ನನಗೆ ಓದಿ ಹೇಳಿದ್ದನ್ನೂ ಹೇಳುತ್ತೇನೆ.

ಇಷ್ಟನ್ನೂ ನಾನು ಮುಚ್ಚಿಟ್ಟುಕೊಂಡು ನೇರವಾಗಿ ಅಲ್ಲಿಗೆ ಬಂದು ಹೇಳಬಹುದಿತ್ತು. ನೀವು ನಮಗೆ ಹಾಗೆಯೇ ಮಾಡಿದಿರಿ. ಅಮ್ಮ ರಾಮಕ್ಕನೂ, ಮುಂಚೆ ಬರೆದರೆ ಅವನು ಬೇರೆ ದಾರಿ ಹುಡುಕುತ್ತಾನೆ, ಸುಮ್ಮನಿರು ಎಂದಳು. ಆದರೆ ಕೈ ತೆಗೆಯುವ ಮುಂಚೆ ಕೂಗಬೇಕು ಎಂದು ನನಗೆ ಕಲಿಸಿದ್ದಾರೆ. ಕೂಗಿದ್ದೇನೆ. ನೀವು ಕಾಲು ಊರಿ ನಿಲ್ಲುತ್ತೀರೋ, ಬೀಳುತ್ತೀರೋ, ಅದು ನಿಮಗೆ ಬಿಟ್ಟದ್ದು. ನೀವೇ ಮೊದಲು ಎದ್ದು ನಿಜ ಹೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ಹಾಗೆ ಹೇಳುತ್ತೀರಿ ಎಂಬ ಆಸೆ ನನಗೆ ಇಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದೂ ಒಂದು ಸುಳ್ಳಾಗುತ್ತದೆ.

ನನ್ನ ಹೊಲಿಗೆ ಮೆಷಿನ್ನನ್ನು ಕೊಂಡಪ್ಪನ ಕೈಯಲ್ಲಿ ಕಳಿಸಿಕೊಡಿ. ಇಲ್ಲಿ ರವಿಕೆ ಹೊಲಿಯುವವರು ಯಾರೂ ಇಲ್ಲ, ನನ್ನ ಹೊಟ್ಟೆಗೆ ಅಷ್ಟು ಸಾಕು. ಅಟ್ಟದ ಮೇಲಿನ ಮಾವಿನಕಾಯಿ ಉಪ್ಪಿನಕಾಯಿಯನ್ನು ಒಣಗಿದ ಸೌಟಿನಿಂದ ಕೆದಕಿಡಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ರಾಗಿ ಹಿಟ್ಟು ದೊಡ್ಡ ಡಬ್ಬಿಯಲ್ಲಿದೆ. ಮುದ್ದೆ ಗಂಟಾದರೆ ನೀರು ಕುದಿಯುವ ಮುಂಚೆ ಹಿಟ್ಟು ಹಾಕಿದ್ದೀರಿ ಎಂದರ್ಥ.

ಸೋಮವಾರ ಬರುವಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬನ್ನಿ. ಪೆಟ್ಟಿಗೆಯ ಮೇಲ್ಗಡೆಯೇ ಇದೆ.

ಇಂತಿ,
ನಿಮ್ಮ ಕೈಹಿಡಿದು ಬಂದವಳು,
ಅಶ್ವತ್ಥಮ್ಮ

ಮರೆತಿದ್ದು: ಕಾಗದ ಮಡಿಸುವಾಗ ಅಣ್ಣ ಏನು ಬರೆದೆ, ಓದು ಎಂದ. ಓದಿದೆ. ನಿಮ್ಮ ಕಣಜದ ಮಾತಿಗೆ ನಕ್ಕ. ಪೂರ್ತಿ ಮುಗಿದ ಮೇಲೆ, ಇದನ್ನೂ ಸೇರಿಸು ಎಂದು ಹೇಳಿದ. ಅವನು ಹೇಳಿದ ಹಾಗೆಯೇ, ನಿಮ್ಮ ಹೆಸರನ್ನೂ ಅವನು ಕರೆಯುವ ಹಾಗೆಯೇ ಬರೆಯುತ್ತಿದ್ದೇನೆ: “ಪೆಟ್ಗೆ ಜಾರ್ದಾಗ ಎಂಕ್ಟಾಚಲ ಕೂಗಿರ್ತಾನೆ ಕಣಮ್ಮಿ. ಅವ್ನು ಕೂಗ್ದೆ ಬಿಡೋನಲ್ಲ. ಆ ಗಾಡಿ ಸದ್ದಲ್ಲಿ ನಂಗೇ ಕೇಳಿಸ್ಲಿಲ್ಲ. ಅವ್ನು ಅದ್ನ ಮನ್ಸಲ್ಲಿಟ್ಕೊಂಡು ಕೊರಗ್ಬಾರ್ದು ಅಂತ ಬರಿ.”

ನೀವು ಕೂಗಲಿಲ್ಲ ಎಂದು ನನ್ನ ಮಡಿಲಲ್ಲಿ ಅತ್ತ ಸಾಲನ್ನು ಅವನಿಗೆ ಓದದೆ ದಾಟಿಸಿಬಿಟ್ಟೆ. ಅದೊಂದನ್ನು ಸೋಮವಾರ ನೀವೇ ಅವನ ಮುಖ ನೋಡಿ ಹೇಳಿ.